ಜೋಳದ ಡಬ್ಬಿಯ ತಾರು

"ಇನ್ನೊಂದಿಷ್ಟು ಬಗ್ಗಸ್ರಿ, ಮುರ್ಯಾಂಗಿಲ್ಲ" ಎಂದು ಕ್ರಿಯೆ ಮಾಡಿಸಲು ಬಂದ ಅಯ್ಯನವರು ಹೇಳುತ್ತಲೇ ಇದ್ದರು. ಇಬ್ಬರು ಹಿಡಿದರೂ ಗದಿಗೆಪ್ಪನ ಮೊಣಕಾಲು ಮಡಚುತ್ತಿರಲಿಲ್ಲ. ಅವರ ಮಂದಿಯಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಕೂರಿಸಿ, ಮೈತುಂಬ ವಿಭೂತಿ ಬಳಿದು, ಕೂತಲ್ಲಿಯೇ ಮಣ್ಣು ಕೊಡುತ್ತಾರೆ. ನಸುಕಿನಲ್ಲಿ ಹಾಲು ತರಲು ಹೊರಟ ಗದಿಗೆಪ್ಪ ಹೊಸ್ತಿಲಲ್ಲೇ ಕುಸಿದಿದ್ದ. ಧಾರಾವಿಯಿಂದ ಅಯ್ಯನವರು ವಡಾಲದ ಈ ಚಾಳಿಗೆ ಬಂದು ಮುಟ್ಟುವಷ್ಟರಲ್ಲಿ ಹತ್ತು ಗಂಟೆ, ಕಾಲು ಸೆಟೆದುಬಿಟ್ಟಿತ್ತು.

"ಇಪ್ಪತ್ನಾಕ ವರ್ಷ ಪರೇಡಿನ್ಯಾಗ ಸಾವಧಾನ್ ಅಂತ ಸೆಟೆದ ನಿಂತ ಕಾಲರಿ ಅವು, ಅಯ್ಯನವರು ಹೇಳಿದ್ರಂತ ಮಡಚತಾವೇನು?" ಎಂದ ಸಿದ್ದರಾಮಪ್ಪ. ಗದಿಗೆಪ್ಪನ ಪಲ್ಟನ್ನಿನವನೇ, ಅವನ ಹಾಗೆ ಹವಾಲ್ದಾರನಾಗಿ ನಿವೃತ್ತನಾದವನು. ಹಾಗೆಂದು ನಕ್ಕ, ನಗುತ್ತಲೇ ಅತ್ತುಬಿಟ್ಟ. ಬಿಸಿನೀರಿನ ಬಟ್ಟೆಯಿಂದ ಉಜ್ಜಿದ ಮೇಲೆ ಕಾಲು ಮಡಚಿತು. ಗೋಡೆಗೆ ಒರಗಿಸಿ ಕೂರಿಸಿದರು. ಹಣೆ, ಕೆನ್ನೆ, ಎದೆಗೆಲ್ಲ ದಪ್ಪಗೆ ವಿಭೂತಿ ಬಿತ್ತು. ಬಾಗಿಲ ಬಳಿ ಭಜನೆ ಶುರುವಾಯಿತು.

ಮೂಲೆಯಲ್ಲಿ ಮೊಮ್ಮಗ ಅಮಿತ ನಿಂತಿದ್ದ. ಇಪ್ಪತ್ತು ವರ್ಷ, ಬಿ.ಕಾಂ. ಕೊನೆಯ ವರ್ಷ. ಇವತ್ತೇ ಈ ಸಾವು ಬರಬೇಕೆ? ನಾಳೆ ಬೆಳಗ್ಗೆ ಅವನು ಎರಡು ಕಡೆ ಹಾಜರಾಗಬೇಕಿತ್ತು. ಒಂದು, ಬೆಳಗಾವಿ: ಅಗ್ನಿವೀರನಾಗಿ ಆಯ್ಕೆಯಾಗಿದ್ದ, ನಾಲ್ಕು ವರ್ಷದ ಸಿಪಾಯಿ ನೌಕರಿ. ಇನ್ನೊಂದು, ಭೋಪಾಲ: ಸೈನ್ಯದ ಆಫೀಸರ್ ಹುದ್ದೆಯ ಲಿಖಿತ ಪರೀಕ್ಷೆ ಪಾಸಾಗಿ ಐದು ದಿನದ ಇಂಟರ್‌ವ್ಯೂಗೆ ಕರೆ ಬಂದಿತ್ತು. ಯಾವುದಕ್ಕಾದರೂ ಇವತ್ತು ಸಂಜೆಯೇ ರೈಲು ಹತ್ತಬೇಕು.

"ಭೋಪಾಳ ಬಿಟ್ಟಬಿಡು," ಎಂದ ಅವನ ಅಪ್ಪ ಈರಣ್ಣ. ಬಸ್ಸಿನ ಕಂಡಕ್ಟರ್, ಅತ್ತು ಅತ್ತು ದನಿ ಬಿದ್ದುಹೋಗಿತ್ತು. "ಸಾವಿನ ಮನಿ ಬಿಟ್ಟ ಹ್ಯಾಂಗ ಹೋಗ್ತಿ? ಸಿದ್ದರಾಮಪ್ಪ ಕಾಕಾ ಬೆಳಗಾವಿಗೆ ಫೋನ್ ಹಚ್ಚತಾರ."

"ನಾಕ ದಿನ ತಡ ಆದ್ರೂ ನಾ ಹೇಳತೇನಿ ಅವರಿಗೆ," ಎಂದ ಸಿದ್ದರಾಮಪ್ಪ. " ಭೋಪಾಳದವ್ರು ಯಾರ ಸಲುವಾಗೂ ಕಾಯಾಂಗಿಲ್ಲ. ಅದು ನಮ್ಮಂಥವ್ರ ಜಾಗಾ ಅಲ್ಲೋ ತಮ್ಮಾ."

ಅಮಿತನಿಗೆ ಒಳಗೊಳಗೇ ಹಾಯೆನಿಸಿತು. ಎದುರಿಗೆ ಅಜ್ಜ ಕೂತಿರುವಾಗ ಹಾಗನಿಸಿದ್ದಕ್ಕೆ ನಾಚಿಕೆಯೂ ಆಯಿತು. ಭೋಪಾಲದಲ್ಲಿ ಐದು ದಿನವೂ ಇಂಗ್ಲಿಷಿನಲ್ಲೇ ಮಾತಾಡಬೇಕು. ಅವನ ಇಂಗ್ಲಿಷು ಎರಡನೇ ವಾಕ್ಯಕ್ಕೇ ನಿಂತುಬಿಡುತ್ತಿತ್ತು.

"ನನ್ನ ಪಾಪ ಈ ಕೂಸಿಗೂ ಸುತ್ತಕೊಂತು!" ಎಂದು ಬಸಲಿಂಗವ್ವ ಗಂಡನ ಕಾಲಬಳಿ ಕೂತು ಎದೆ ಬಡಿದುಕೊಂಡಳು. "ಇವರದೂ ಹಿಂಗ ತಪ್ಪಿತ್ತು. ನಾನ ತಪ್ಪಿಸಿದ್ದು."

*

ಅದು ೧೯೮೩ರ ಬೇಸಗೆ. ಗದಿಗೆಪ್ಪ ಎರಡು ತಿಂಗಳ ರಜೆಗೆ ಬಂದಿದ್ದ. ಸಿಪಾಯಿಗಳು ಆಫೀಸರ್ ಆಗಲೆಂದು ಇರುವ ಪರೀಕ್ಷೆಯನ್ನು ಬರೆದಿದ್ದ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಅವನು ಹೊರಗೆ ಹೋದಾಗ ತಾರು ಬಂತು, ಟೆಲಿಗ್ರಾಂ. ಬಸಲಿಂಗವ್ವನಿಗೆ ಓದಲು ಬಾರದು, ಯಾರಿಂದಲೂ ಓದಿಸಲೂ ಇಲ್ಲ. ರಜೆಯಲ್ಲಿರುವ ಸಿಪಾಯಿಗೆ ತಾರು ಬಂತೆಂದರೆ ಅದಕ್ಕೆ ಒಂದೇ ಅರ್ಥ: ರಜೆ ರದ್ದು, ಕೂಡಲೇ ಹೊರಡು. ಮೂರು ವರ್ಷದ ಈರಣ್ಣನಿಗೆ ಅಪ್ಪನ ಗುರುತು ಹತ್ತಿ ಇನ್ನೂ ವಾರವಾಗಿತ್ತು. ಅವಳು ತಾರನ್ನು ಜೋಳದ ಡಬ್ಬಿಯ ತಳಕ್ಕೆ ತುರುಕಿದಳು.

ರಜೆ ಮುಗಿಯುವ ಹಿಂದಿನ ದಿನ ಅಳುತ್ತ ತೆಗೆದುಕೊಟ್ಟಳು. ಆಫೀಸರ್ ಇಂಟರ್‌ವ್ಯೂಗೆ ಕರೆ; ತಾರೀಖು ದಾಟಿ ಹದಿನೈದು ದಿನವಾಗಿತ್ತು. "ನಸೀಬದಾಗ ಇರಲಿಲ್ಲ ತಗೊ" ಎಂದ ಗದಿಗೆಪ್ಪ. ಬೈಯಲಿಲ್ಲ. ಬೈದಿದ್ದರೆ ಅವಳು ಬದುಕಿಕೊಳ್ಳುತ್ತಿದ್ದಳು. ನಿವೃತ್ತನಾದ ಮೇಲೆ ಅವನು ಚೆಂಬೂರಿನ ಕಾಲನಿಯೊಂದರಲ್ಲಿ ವಾಚ್‌ಮನ್ ಆದ, ಮಗನ ವಯಸ್ಸಿನವರ ಕಾರಿಗೆಲ್ಲ ಸಲಾಮು ಹೊಡೆದ. ಆ ಕೈ ಎತ್ತಿಸಿದವಳು ತಾನೇ ಎಂದು ಅವಳು ಕೊರಗುತ್ತಲೇ ಇದ್ದಳು.

*

ಹೋದ ರವಿವಾರ ಅಮಿತ ಅದೇ ಕಾಲನಿಯ ಗೇಟಿಗೆ ಅಜ್ಜನ ಊಟದ ಡಬ್ಬಿ ಒಯ್ದಿದ್ದ.

"ಮುತ್ಯಾ, ನಾನು ಬೆಳಗಾವಿಗೇ ಹೋಗ್ತೀನಿ. ಅದು ಪಕ್ಕಾ ಇದೆ."

ಗದಿಗೆಪ್ಪ ರೊಟ್ಟಿ ಮುರಿಯುತ್ತ ತಾರಿನ ಕತೆಯನ್ನೆಲ್ಲ ಹೇಳಿದ. ಆಮೇಲೆ, ಹೆಂಡತಿಗೆ ಗೊತ್ತಿಲ್ಲದ್ದನ್ನೂ ಹೇಳಿದ.

"ಮೂರನೇ ದಿನಾನ ನಂಗದು ಸಿಕ್ಕಿತ್ತು. ಗಿರಣಿಗೆ ಒಯ್ಯಾಕ ಜೋಳ ತಗದೆ, ತಳದಾಗ ಇತ್ತು. ಇಂಟರ್‌ವ್ಯೂಕ ಇನ್ನಾ ಒಂಬತ್ತ ದಿನ ಇದ್ವು. ಓದಿ, ಮತ್ತ ಅಲ್ಲೇ ಹುಗದಿಟ್ಟೆ."

"ಕ್ಯೂಂ?"

"ಅಂಜಿಕಿ! ಸಾಹೇಬರ ಮುಂದ ಇಂಗ್ಲೀಷ ಮಾತಾಡಬೇಕಿತ್ತು. ನಿಮ್ಮಾಯಿ ಮುಚ್ಚಿಟ್ಟಾಳ, ಚಲೋ ಆತು ಅನಸ್ತು. ಅಕಿ ಇವತ್ತಿಗೂ ತನ್ನ ತಪ್ಪು ಅಂತ ತಿಳಕೊಂಡಾಳ. ತಿಳಕೊಳ್ಳಲಿ ಅಂತ ಬಿಟ್ಟೇನಿ. ಇಷ್ಟ ದೊಡ್ಡ ಅನ್ಯಾಯ ನಾ ಯಾರಿಗೂ ಮಾಡಿಲ್ಲ." ಕೈ ತೊಳೆದು ಎದ್ದ. "ಸಿಪಾಯಿ ಆಗೂದೇನ ಸಣ್ಣದಲ್ಲ, ಬೇಕನಿಸಿದ್ರ ಆಗು. ಆದ್ರ ಅಂಜಿ ಆಗಬ್ಯಾಡ. ಅಕಿಗೆ ನಾನ ಹೇಳತೇನಿ, ವ್ಯಾಳ್ಯಾ ನೋಡಿ."

*

ಆ ವೇಳೆ ಬಂದಿರಲಿಲ್ಲ. ಅಮಿತ ಅಜ್ಜಿಯ ಪಕ್ಕ ಕೂತು ಕೈ ಹಿಡಿದ.

"ಆಯಿ, ಮುತ್ಯಾಗೆ ಗೊತ್ತಿತ್ತು. ತಾರು ಮೂರನೇ ದಿನಾನೇ ಸಿಕ್ಕಿತ್ತು. ಓದಿ ವಾಪಸ್ ಇಟ್ರು. ನಂಗೆ ಅವರೇ ಹೇಳಿದ್ರು. ಡರ್ ಗಯೇ ಥೇ, ಹೆದರಿಬಿಟ್ಟಿದ್ರು."

"ಏನಂದಿ?"

ಅವನು ಇನ್ನೊಮ್ಮೆ ಹೇಳಿದ. ಭಜನೆ ನಿಂತುಹೋಯಿತು.

"ನಂಗೂ ಡರ್ ಇದೆ, ಆಯಿ. ಆದ್ರೂ ನಾನು ಭೋಪಾಲ್ ಹೋಗ್ತೀನಿ."

"ಅಯ್ಯೋ, ಸೂತಕ ಉಂಟಲ್ಲ ಮಾರಾಯ! ಹನ್ನೆರಡು ದಿನ ಹೇಗೆ ಹೋಗುದು?" ಎಂದರು ಪಕ್ಕದ ಮನೆಯ ವಾರಿಜಾ, ಉಡುಪಿಯವರು.

"ನಮ್ಮೊಳಗ ಸೂತಕ ಇಲ್ಲ ವಾರಿಜಾ," ಎಂದಳು ಬಸಲಿಂಗವ್ವ. ದನಿ ಗಟ್ಟಿಯಾಗಿತ್ತು. "ಮಣ್ಣ ಕೊಟ್ಟು, ಅಲ್ಲಿಂದಾನ ಸ್ಟೇಶನ್ನಿಗೆ ಹೋಗ್ಲಿ. ಈರಣ್ಣಾ, ಅವನ ಚೀಲ ಕಟ್ಟು."

ಈರಣ್ಣ ಅವ್ವನ ಮುಖ ನೋಡಿ ಒಳಗೆ ನಡೆದ.

ಬಸಲಿಂಗವ್ವ ಮೊಣಕಾಲು ಊರಿ ಎದ್ದಳು. ಕೂತ ಗಂಡನ ಎದುರು ಬಾಗಿದಳು. ಮುಖ ಸವರುತ್ತಾಳೆಂದು ಎಲ್ಲರೂ ತಿಳಿದರು. ಅವಳು ಕೈಯೆತ್ತಿ ಫಟ್ಟೆಂದು ಕೆನ್ನೆಗೆ ಬಾರಿಸಿದಳು.

"ನಲವತ್ತೆರಡ ವರ್ಷ!" ಎಂದಳು. "ಒಂದ ಮಾತ ಹೇಳಬಾರದಾಗಿತ್ತೇನ್ರಿ?"

ಆಮೇಲೆ ಅವನ ಹೆಗಲಿಗೆ ಹಣೆಯಿಟ್ಟು ಮನಸಾರೆ ಅತ್ತಳು. ಬೆಳಗಿನಿಂದ ಅಂಥ ಅಳು ಅವಳಿಗೆ ಬಂದಿರಲಿಲ್ಲ.

ಮೂರು ಗಂಟೆಗೆ ಹೆಗಲ ಮೇಲೆ ಹೊತ್ತೊಯ್ಯುವ ಹೂವಿನ ವಿಮಾನದ ಕುರ್ಚಿಯಲ್ಲಿ ಗದಿಗೆಪ್ಪನನ್ನು ಕೂರಿಸಿದರು. ಅಯ್ಯನವರು ಹೊಸ ವಿಭೂತಿ ತೆಗೆದು ಅವನ ಕೆನ್ನೆಯತ್ತ ಕೈ ಚಾಚಿದರು. ಬಸಲಿಂಗವ್ವ ತಡೆದಳು.

"ಮುಟ್ಟಬ್ಯಾಡ್ರಿ."

ಚಾಳಿನ ಕಿರಿದಾದ ಮೆಟ್ಟಿಲಲ್ಲಿ ಅಮಿತ ಮುಂದಿನಿಂದ ಹೆಗಲು ಕೊಟ್ಟಿದ್ದ. ಬಾಗಿಲು ಬಾಗಿಲಿಗೂ ಮಂದಿ ನಿಂತು ಕೈ ಮುಗಿದರು. ಬೆನ್ನು ನೆಟ್ಟಗೆ ಮಾಡಿಕೊಂಡು ಹವಾಲ್ದಾರ್ ಗದಿಗೆಪ್ಪ ಕೆಳಗಿಳಿದು ಹೋದ, ಬೆಳ್ಳನೆಯ ಎಡಗೆನ್ನೆಯ ಮೇಲೆ ನಾಲ್ಕು ಬೆರಳಿನ ಗುರುತು ಹೊತ್ತು.