ಸೆಕೆಂಡ್ ಆಫೀಸರ್ ಶೀನಪ್ಪನ ಕಾಗದದ ಹಡಗು

ಮಂಗಳೂರಿನ ಉರ್ವದಲ್ಲಿ ಶೀನಪ್ಪ ಕಟ್ಟಿಸಿದ ಮನೆಯ ಹೆಸರು ‘ಓಷನ್ ವ್ಯೂ’. ತಾರಸಿ ಹತ್ತಿ, ಕತ್ತನ್ನು ಎಷ್ಟು ಬೇಕಾದರೂ ಉದ್ದ ಮಾಡಿ, ಕಾಣುವುದು ಪಕ್ಕದ ಮನೆಯ ಕಪ್ಪು ನೀರಿನ ಟ್ಯಾಂಕು ಮಾತ್ರ. ಮನೆಗೆ ಇಂಥ ಹೆಸರಿಟ್ಟವನ ಮಾತನ್ನು ಊರವರು ಸ್ವಲ್ಪ ಜರಡಿ ಹಿಡಿದು ಕೇಳಬೇಕಿತ್ತು. ಯಾರೂ ಕೇಳಲಿಲ್ಲ. ಮೂವತ್ತು ವರ್ಷ ಹಡಗಿನಲ್ಲಿ ದುಡಿದು ಬಂದ ಶೀನಪ್ಪ ಎಲ್ಲರ ಬಾಯಲ್ಲೂ ಸೆಕೆಂಡ್ ಆಫೀಸರ್. ಅಸಲಿಗೆ ಅವನು ಹಡಗಿನ ಅಡುಗೆಯವನು.

ಸುಳ್ಳು ಹೇಳಿದ್ದು ಅವನಲ್ಲ ಎಂಬುದು ನಿಜ. ಇಪ್ಪತ್ತೆಂಟು ವರ್ಷದ ಹಿಂದೆ ಮದುವೆಯ ದಲ್ಲಾಳಿಯೊಬ್ಬ ಹೆಣ್ಣಿನ, ಅಂದರೆ ಉಮಾವತಿಯ, ಮನೆಯ ಚಾವಡಿಯಲ್ಲಿ ಕೂತು, ಎಲೆಯಡಿಕೆ ಜಗಿಯುತ್ತಾ, “ಹುಡುಗ ಶಿಪ್ಪಿನಲ್ಲಿ ಆಫೀಸರ್” ಎಂದುಬಿಟ್ಟ. ಶೀನಪ್ಪ ತಲೆ ತಗ್ಗಿಸಿದ. ಹುಡುಗನಿಗೆ ಎಷ್ಟು ವಿನಯ ಎಂದು ಹೆಣ್ಣಿನ ಕಡೆಯವರು ಕೊಂಡಾಡಿದರು. ಮದುವೆಯಾದ ಮೇಲೆ ಹೇಳುವ ಎಂದುಕೊಂಡ, ಮಗು ಹುಟ್ಟಲಿ ಎಂದುಕೊಂಡ, ಮನೆಯೊಕ್ಕಲು ಮುಗಿಯಲಿ ಎಂದುಕೊಂಡ. ಇಂಥ ಮಾತಿಗೆ ಒಳ್ಳೆಯ ಮುಹೂರ್ತ ಎನ್ನುವುದು ಬರುವುದೇ ಇಲ್ಲ. ಕಾಗದಪತ್ರವೆಲ್ಲ ಬೀರುವಿನಲ್ಲಿ, ಬೀರುವಿನ ಕೀಲಿ ಅವನ ಉಡಿದಾರದಲ್ಲಿ. ರಜೆಯಲ್ಲಿ ಮನೆಗೆ ಬಂದರೆ ಅಡುಗೆಕೋಣೆಯ ಹೊಸ್ತಿಲು ದಾಟುತ್ತಿರಲಿಲ್ಲ, ಏಕೆಂದರೆ ಅವನು ಈರುಳ್ಳಿ ಹೆಚ್ಚುವ ವೇಗವನ್ನು ಒಂದು ಸಲ ನೋಡಿದರೆ ಉಮಾವತಿಗೆ ಎಲ್ಲ ತಿಳಿಯುತ್ತಿತ್ತು.

ಈಗ ಮಗಳು ಮನ್ವಿತಾ, ಶೋಭಿತ್ ಎಂಬ ಹುಡುಗನನ್ನು ಮೆಚ್ಚಿಕೊಂಡಿದ್ದಳು. ಒಳ್ಳೆಯ ಹುಡುಗ, ಪಕ್ಕದ ಬಿಜೈಯವರು, ಜಾತಿಯಲ್ಲೂ ಇವರಂತೆ ಬಂಟರೇ. ಕರ್ಮಕ್ಕೆ ಅವನ ಅಪ್ಪ ಮಹಾಬಲ ಹಡಗಿನಲ್ಲಿ ಚೀಫ್ ಇಂಜಿನಿಯರ್ ಆಗಿ ನಿವೃತ್ತನಾದವನು.

“ಶೀನಪ್ಪಣ್ಣಾ, ನೀವೂ ಶಿಪ್ಪಿನವರಂತೆ!” ಎಂದು ಮಹಾಬಲ ಫೋನಿನಲ್ಲಿ ಗುಡುಗಿದ. “ಆಟಿ ಮುಗಿಯಲಿ, ಬರ್ತೇವೆ. ಮಕ್ಕಳ ಮಾತು ಹತ್ತು ನಿಮಿಷ, ನಮ್ಮಿಬ್ಬರದ್ದು ಇಡೀ ದಿನ!”

ತುಳುನಾಡಿನಲ್ಲಿ ಮಳೆಗಾಲದ ಆಟಿ ತಿಂಗಳಲ್ಲಿ ಮದುವೆಯ ಮಾತು ಎತ್ತುವ ಕ್ರಮ ಇಲ್ಲ. ಹಾಗಾಗಿ ಶೀನಪ್ಪನಿಗೆ ಇಪ್ಪತ್ತೆರಡು ದಿನ ಸಿಕ್ಕಿತು. ಅಷ್ಟು ದಿನ ಸುಮ್ಮನೆ ಹೆದರಿಕೊಂಡು ಬಿದ್ದಿದ್ದರೂ ಆಗುತ್ತಿತ್ತು. ಆದರೆ ಉಮಾವತಿ ಬಿಡಬೇಕಲ್ಲ!

“ಅವರ ಮನೆಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಹಡಗು ಉಂಟಂತೆ ಇವರೇ, ಮನ್ವಿತಾ ನೋಡಿದ್ದಾಳೆ. ಆಫೀಸರ್ ಆಗಿದ್ದವರ ಮನೆಯಲ್ಲೆಲ್ಲ ಇರ್ತದಂತೆ. ನಮ್ಮಲ್ಲಿ ಎಂತ ಉಂಟು? ಟೀವಿಯ ಮೇಲೆ ಪ್ಲಾಸ್ಟಿಕ್ ಹೂ!”

“ಕೊಂಡು ತಂದದ್ದನ್ನು ಯಾರು ಬೇಕಾದ್ರೂ ಇಡಬಹುದು. ನಾನು ಕೈಯಾರೆ ಮಾಡ್ತೇನೆ,” ಎಂದ ಶೀನಪ್ಪ. ಬಾಯಿ ಜಾರಿದ್ದು ಅವನಿಗೆ ಕೇಳಿಸಿತು, ಆದರೆ ಹೆಂಡತಿಯ ಮುಖ ಅರಳಿದ್ದು ನೋಡಿ ಹಿಂದೆ ತೆಗೆದುಕೊಳ್ಳಲು ಮನಸ್ಸಾಗಲಿಲ್ಲ. ಒಂದು ಲಾಭವೂ ಇತ್ತೆನ್ನಿ. ಹಡಗು ನಡೆಸುವ ಬ್ರಿಡ್ಜಿಗೆ ಅವನು ಹೋದದ್ದು ಮೂವತ್ತು ವರ್ಷದಲ್ಲಿ ನಾಲ್ಕು ಸಲ, ನಾಲ್ಕೂ ಸಲ ಕೈಯಲ್ಲಿ ಚಹಾದ ಟ್ರೇ. ಮಾಡಿ ನೋಡಿದರೆ ಎಲ್ಲಿ ಏನಿದೆ ಎಂದಾದರೂ ಗೊತ್ತಾದೀತು, ಬೀಗರ ಮುಂದೆ ಬಾಯಿಬಿಡಲು ನಾಲ್ಕು ಮಾತು ಸಿಕ್ಕೀತು.

ಹಂಪನಕಟ್ಟೆಯಲ್ಲಿ ಜೊಕಿಮ್ ಎಂಬವನ ಜೆರಾಕ್ಸ್ ಅಂಗಡಿ. ಇಂಟರ್ನೆಟ್ಟಿನಿಂದ ಸರಕು ಹಡಗಿನ ನಕ್ಷೆ ತೆಗೆದು, ದಪ್ಪ ಹಾಳೆಯಲ್ಲಿ ಬಣ್ಣದ ಪ್ರಿಂಟು ಹಾಕಿ ಕೊಟ್ಟವನು ಅವನೇ. ಗೆರೆಯ ಮೇಲೆ ಕತ್ತರಿಸಿ, ಮಡಚಿ, ನಂಬರಿಗೆ ನಂಬರು ಅಂಟಿಸಿದರೆ ಒಂದೂವರೆ ಮೊಳದ ಹಡಗು ತಯಾರು. ಮಕ್ಕಳಾಟ ಎಂದುಕೊಂಡು ಶೀನಪ್ಪ ಬಸ್ಸು ಹತ್ತಿದ. ಮೂರನೆಯ ದಿನ ಅದೇ ಬಸ್ಸಿನಲ್ಲಿ, ಬಿಸ್ಕತ್ತಿನ ಡಬ್ಬಿ ತುಂಬ ಕಾಗದದ ಚೂರು ಹಿಡಿದುಕೊಂಡು ವಾಪಸು ಬಂದ.

“ಒಂದೂ ನಿಲ್ಲುವುದಿಲ್ಲ ಮಾರಾಯ. ನಿನ್ನ ನಕ್ಷೆಯೇ ಸರಿ ಇಲ್ಲ.”

ಜೊಕಿಮ್ ಚೂರುಗಳನ್ನು ತಿರುವಿ ತಿರುವಿ ನೋಡಿದ. “ಅಂಚಿನಲ್ಲಿ ಬಿಳೀ ಪಟ್ಟಿ ಇತ್ತಲ್ಲ ಶೀನಪ್ಪಣ್ಣ, ಅದು ಎಲ್ಲಿ?”

“ಅದು ವೇಸ್ಟ್ ಅಂತ ಕತ್ತರಿಸಿ ಬಿಸಾಡಿದೆ.”

“ಅಂಟು ಹಚ್ಚುವುದೇ ಅದಕ್ಕೆ ಮಾರಾಯ್ರೇ! ಎಲ್ಲ ಬಿಸಾಡಿದ್ರಾ? ನಲ್ವತ್ತೆರಡು ಹಾಳೆಯದ್ದೂ?”

ನಲವತ್ತೆರಡು ಹಾಳೆಯದ್ದೂ. ಶೀನಪ್ಪ ಕೆಲಸದಲ್ಲಿ ಅಚ್ಚುಕಟ್ಟು. ಜೊಕಿಮ್ ಶಿಲುಬೆಯ ಗುರುತು ಹಾಕಿಕೊಂಡು ಮತ್ತೆ ಪ್ರಿಂಟು ತೆಗೆದ.

ಎರಡನೆಯ ಸಲ ಬಿಳಿಪಟ್ಟಿ ಉಳಿಯಿತು, ಆದರೆ ಆಟಿಯ ಮಳೆ ಕಾಟ ಕೊಟ್ಟಿತು. ಒಗೆದು ಹಗ್ಗಕ್ಕೆ ಹಾಕಿದ ಬನಿಯನ್ನೇ ಒಣಗದ ಊರಿನಲ್ಲಿ ಅಂಟು ಒಣಗುವುದುಂಟೆ? ಶೀನಪ್ಪ ಧಾರಾಳವಾಗಿ ಹಚ್ಚಿದ ಅಂಟನ್ನು ಕಾಗದ ಹೀರಿಕೊಂಡು, ಹಡಗಿನ ಮೈ ತಿಂದುಂಡ ಹೊಟ್ಟೆಯ ಹಾಗೆ ಉಬ್ಬಿತು. ಮಗಳ ತಲೆಕೂದಲು ಒಣಗಿಸುವ ಮಿಷನ್ನು ಹಿಡಿದ. ಉಬ್ಬಿದ್ದು ತಗ್ಗಿತು, ಮೂತಿ ಎಡಕ್ಕೆ ತಿರುಗಿತು. ಅದನ್ನು ನೆಟ್ಟಗೆ ಮಾಡಲು ಹೋಗಿ ಬೆರಳಿಗೆ ಬೆರಳು ಅಂಟಿತು. “ಕಂಪಾಸು ನೋಡಿ ಹಡಗು ನಡೆಸಿದವರಿಗೆ ಕಾಗದ ನೆಟ್ಟಗೆ ಕತ್ತರಿಸ್ಲಿಕ್ಕೆ ಬರುವುದಿಲ್ವಾ ಪಪ್ಪಾ?” ಎಂದು ಮಗಳು ನಕ್ಕಳು. ಶೀನಪ್ಪ ನಗಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ ಅವನದು.

ಹದಿನಾಲ್ಕನೆಯ ದಿನ ಅವನು ಹಿಂಬದಿಯ ಮಾಳಿಗೆಗಳಿಗೆ ಬಂದ, ಅಂದರೆ ಹಡಗಿನ ಜನ ಉಣ್ಣುವ, ಮಲಗುವ ಭಾಗಕ್ಕೆ. ನಕ್ಷೆಯಲ್ಲಿ ಅಲ್ಲಿ ಒಳಗೆ ಏನೂ ಇಲ್ಲ, ಬರೀ ಡಬ್ಬಿ. ‘ಗ್ಯಾಲಿ’ ಎನ್ನುವ ಅಡುಗೆಮನೆ ಇರಬೇಕಾದ ಜಾಗದಲ್ಲಿ ಒಂದು ಬಾಗಿಲಿನ ಚಿತ್ರ. ಶೀನಪ್ಪನಿಗೆ ತಡೆಯಲಿಲ್ಲ. ಇಷ್ಟು ಜನರಿರುವ ಹಡಗಿಗೆ ಒಂದು ಒಲೆ ಬೇಡವೇ? ಬ್ಲೇಡು ತೆಗೆದುಕೊಂಡು ಆ ಗೋಡೆ ಕೊಯ್ದ. ಮಿಕ್ಕ ಕಾಗದದಿಂದ ಆರು ಉರಿಯ ಒಲೆ ಮಾಡಿದ, ಹಡಗು ವಾಲಿದಾಗ ಪಾತ್ರೆ ಜಾರದಂತೆ ಅದರ ಸುತ್ತ ಕಂಬಿ ಕೂರಿಸಿದ, ಹಬೆ ಹೋಗುವ ಕೊಳವೆ, ಮೀನು ಕೊಯ್ಯುವ ಹಲಗೆ, ಬೆಂಕಿಪೊಟ್ಟಣದ ಕಡ್ಡಿಗೆ ಸುತ್ತಿ ತೆಗೆದ ಪುಟ್ಟ ತಪಲೆಗಳು. ಒಂದೇ ಒಂದು ಸಲವೂ ಗೆರೆ ತಪ್ಪಲಿಲ್ಲ, ಅಂಟು ಹೆಚ್ಚಾಗಲಿಲ್ಲ. ನಾಲ್ಕು ಮಧ್ಯಾಹ್ನ ಅದರಲ್ಲೇ ಕಳೆದ. ಇಷ್ಟು ಸುಖ ಅವನಿಗೆ ಕೆಲಸ ಬಿಟ್ಟ ಮೇಲೆ ಸಿಕ್ಕಿರಲೇ ಇಲ್ಲ. ಮಿಕ್ಕ ಹಡಗನ್ನು ಉಳಿದ ನಾಲ್ಕೇ ದಿನದಲ್ಲಿ ಹೇಗೋ ಒಂದು ಅಂಟಿಸಿ ಮುಗಿಸಿದ.

ಆಟಿ ಮುಗಿದು ಸೋಣ ತಿಂಗಳು ಬಂತು. ಭಾನುವಾರ ಬೆಳಿಗ್ಗೆ ಮಹಾಬಲ, ಅವನ ಹೆಂಡತಿ, ಶೋಭಿತ್ ಮೂವರೂ ಬಂದರು. ಮಹಾಬಲ ಚಹಾವನ್ನೂ ಮುಟ್ಟದೆ ನೇರ ಟೀವಿಯ ಪಕ್ಕದ ಹಡಗಿನ ಬಳಿಗೆ ಹೋಗಿ, ಕನ್ನಡಕ ಹಣೆಗೇರಿಸಿ ಬಗ್ಗಿದ.

“ಶೀನಪ್ಪಣ್ಣ, ನಿಮ್ಮ ಬ್ರಿಡ್ಜು ಹಿಂದುಮುಂದಾಗಿದೆಯಲ್ಲ. ಕ್ಯಾಪ್ಟನ್ ಬಂದ ದಾರಿ ನೋಡುವುದಾ, ಹೋಗುವ ದಾರಿಯಾ?”

“ಇವರ ಶಿಪ್ಪಿನಲ್ಲಿ ಹಾಗೆಯೇ ಇದ್ದದ್ದು,” ಎಂದಳು ಉಮಾವತಿ ಥಟ್ಟನೆ. ಗಂಡನನ್ನು ಬಿಟ್ಟುಕೊಡುವ ಹೆಂಗಸಲ್ಲ ಅವಳು. ಅದನ್ನು ಕೇಳಿ ಶೀನಪ್ಪನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಮಹಾಬಲ ನಕ್ಕು ಇನ್ನಷ್ಟು ಬಗ್ಗಿದ. ಆಮೇಲೆ ನಗು ನಿಲ್ಲಿಸಿದ. “ಓಹೋ! ಗ್ಯಾಲಿ ಮಾಡಿದ್ದೀರಿ. ಎನ್ನ ದೇವೆರೆ, ಕಂಬಿ ಸಹ! ಲಂಗರು ತಪ್ಪು ಕಡೆ ಇಟ್ಟವರು ಇದನ್ನು ಮಾತ್ರ ಇಷ್ಟು ಚಂದ ಮಾಡಿದ್ದು ಹೇಗೆ?”

“ಆಗಾಗ ಚಹಾಕ್ಕೆ ಹೋಗ್ತಿದ್ದೆ,” ಎಂದ ಶೀನಪ್ಪ.

ಅಲ್ಲಿಗೆ ಮುಗಿಯಿತು, ಪಾರಾಗಿದ್ದ. ಮಹಾಬಲ ಕುರ್ಚಿಗೆ ಮರಳಿ, ಚಹಾ ಎತ್ತಿಕೊಂಡು, ನೀರು ದೋಸೆಯ ತಟ್ಟೆಗೆ ಕೈಹಾಕಿದ. ಸುಮ್ಮನೆ ತಿಂದಿದ್ದರೆ ಈ ಕತೆಯೇ ಇಲ್ಲ. ಆದರೆ ಹೊಟ್ಟೆಗೆ ಬಿದ್ದ ಕೂಡಲೇ ಅವನಿಗೆ ಹಳೆಯದು ನೆನಪಾಯಿತು.

“ಈ ಶಿಪ್ಪಿನ ಕುಕ್ಕುಗಳಷ್ಟು ಮೈಗಳ್ಳರು ಎಲ್ಲೂ ಇಲ್ಲ, ಅಲ್ವಾ? ಸ್ವಲ್ಪ ಗಾಳಿ ಎದ್ದರೆ ಸಾಕು, ಒಲೆ ಬಂದ್! ಬ್ರೆಡ್ಡು ಜಾಮು ಕೊಟ್ಟು ಮಲಗುವುದು. ನಿಮ್ಮಲ್ಲೂ ಹಾಗೇ ಅಲ್ವಾ ಶೀನಪ್ಪಣ್ಣ?”

ಶೀನಪ್ಪನ ಕಿವಿ ಕೆಂಪಾಯಿತು. ಹೌದು ಎಂದರೆ ಆಗುತ್ತಿತ್ತು. ಒಂದು ‘ಹೂಂ’ ಸಾಕಿತ್ತು. ಇಪ್ಪತ್ತೆಂಟು ವರ್ಷ ಹೇಳಿಕೊಂಡು ಬಂದ ‘ಹೂಂ’ ಈ ಮಾತಿಗೆ ಹೊರಡಲಿಲ್ಲ.

“ಬ್ರೆಡ್ಡು ಜಾಮಾ?” ಎಂದು ಎದ್ದು ನಿಂತ. “ಬಿಸ್ಕೆ ಕೊಲ್ಲಿಯ ಬಿರುಗಾಳಿಯಲ್ಲಿ ಮೂರು ದಿನ ಶಿಪ್ಪು ತೊಟ್ಟಿಲಿನ ಹಾಗೆ ತೂಗಿದೆ. ಸೊಂಟಕ್ಕೆ ಹಗ್ಗ ಕಟ್ಟಿ, ಹಗ್ಗವನ್ನು ಕಂಬಿಗೆ ಕಟ್ಟಿ, ಇಪ್ಪತ್ಮೂರು ಜನರಿಗೆ ಮೂರು ಹೊತ್ತು ಬಿಸಿ ಅನ್ನ, ಮೀನು ಸಾರು ಹಾಕಿದ್ದೇನೆ! ಇಲ್ಲಿ ನೋಡಿ, ಮೊಣಕೈ ಸುಟ್ಟದ್ದು. ಒಂದು ಹೊತ್ತೂ ತಡ ಆಗ್ಲಿಲ್ಲ. ಯಾವ ಕುಕ್ಕು ಮೈಗಳ್ಳ? ಹೆಸರು ಹೇಳಿ!”

ಹೇಳಿ ಮುಗಿಸಿದ ಮೇಲೆ ಅವನಿಗೆ ತಾನು ಹೇಳಿದ್ದು ಕೇಳಿಸಿತು. ಶೋಭಿತ್ ದೋಸೆ ಕೈಯಲ್ಲಿ ಹಿಡಿದೇ ಕೂತಿದ್ದ. ಮನ್ವಿತಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

“ಅಂದರೆ ನೀವು...” ಎಂದ ಮಹಾಬಲ.

“ಚೀಫ್ ಕುಕ್. ಆಫೀಸರ್ ಅಲ್ಲ. ಯಾವತ್ತೂ ಅಲ್ಲ.”

ಮಹಾಬಲ ಕುರ್ಚಿಯೇ ಅಲುಗಾಡುವ ಹಾಗೆ ನಕ್ಕ. “ಹೆಣ್ಣು ಕೇಳ್ಲಿಕ್ಕೆ ಬಂದದ್ದು ಮಾರಾಯ್ರೇ, ನಿಮ್ಮನ್ನು ಕೆಲಸಕ್ಕೆ ಇಟ್ಕೊಳ್ಳಿಕ್ಕೆ ಅಲ್ಲ! ಬಿಸ್ಕೆಯಲ್ಲಿ ಮೀನು ಸಾರು ಹಾಕಿದವರ ಮಗಳು, ನಮಗೆ ಒಪ್ಪಿಗೆ.” ಅವನ ಹೆಂಡತಿಯೂ ತಲೆಯಾಡಿಸಿದಳು. ನಿಶ್ಚಯಕ್ಕೆ ದಿನ ನೋಡುವ ಮಾತಾಯಿತು. ಹನ್ನೊಂದೂವರೆಗೆ ಅವರು ಹೊರಟಾಗ ಮನ್ವಿತಾ ಅವರ ಕಾರಿನ ತನಕ ಹೋದಳು. ಬದುಕಿದೆಯಾ ಬಡಜೀವವೇ ಎಂದು ಶೀನಪ್ಪ ಉಸಿರುಬಿಟ್ಟು ತಿರುಗಿದರೆ, ಉಮಾವತಿ ಅವನ ಆರಾಮ ಕುರ್ಚಿಯಲ್ಲಿ ಕೂತಿದ್ದಳು. ಆ ಕುರ್ಚಿಯಲ್ಲಿ ಅವಳು ಕೂತದ್ದನ್ನು ಅವನು ಕಂಡಿರಲಿಲ್ಲ.

“ಉಮಾ, ಆ ದಲ್ಲಾಳಿ...”

“ಆಫೀಸರೋ ಜವಾನನೋ, ಅದು ಅತ್ಲಾಗಿರಲಿ,” ಎಂದಳು ಅವಳು. ದನಿ ಏರಲಿಲ್ಲ. “ಮನ್ವಿತಾ ಹುಟ್ಟಿ ಹದಿನಾರನೇ ದಿನ. ಬಾಣಂತನಕ್ಕೆ ಬಂದಿದ್ದ ಅಮ್ಮ ಜ್ವರ ಬಂದು ಊರಿಗೆ ಹೋಗಿದ್ದರು, ನೀವು ರಜೆಯಲ್ಲಿ ಮನೆಯಲ್ಲೇ ಇದ್ರಿ. ಹೊಲಿಗೆ ನೋವಲ್ಲಿ ಗೋಡೆ ಹಿಡ್ಕೊಂಡು ಅನ್ನ ಬಸಿದೆ ನಾನು. ನೀವು ಬಾಗಿಲಲ್ಲಿ ನಿಂತು, ‘ಎಂತ ಮಾಡುವುದು ಉಮಾ, ನನಗೆ ಒಲೆ ಹೊತ್ತಿಸ್ಲಿಕ್ಕೂ ಬರುವುದಿಲ್ಲ’ ಅಂದ್ರಿ. ಪಾಪ ಅಂತ ಕಂಡಿತು ನನಗೆ. ನಿಮ್ಮನ್ನು ನೋಡಿ ನನಗೆ ಪಾಪ ಅಂತ ಕಂಡಿತು!”

ಅದುವರೆಗೆ ತನ್ನ ಸುಳ್ಳಿನಿಂದ ನಷ್ಟವಾದರೆ ತನ್ನ ಮರ್ಯಾದೆಗೆ ಮಾತ್ರ ಎಂದೇ ಶೀನಪ್ಪ ನಂಬಿದ್ದ.

“ಫ್ರಿಜ್ಜಲ್ಲಿ ಬಂಗುಡೆ ಮೀನು ಉಂಟು,” ಎಂದಳು ಉಮಾವತಿ, ಕಣ್ಣು ಮುಚ್ಚಿಕೊಂಡು.

ಅವನು ಒಳಗೆ ಹೋದ. ತನ್ನದೇ ಮನೆಯಲ್ಲಿ ಉಪ್ಪು ಎಲ್ಲಿದೆ ಎಂದು ತಿಳಿಯದೆ ಒಂಬತ್ತು ಡಬ್ಬಿ ತೆರೆದು ನೋಡಿದ. ಆದರೂ ಮುಕ್ಕಾಲು ಗಂಟೆಯೊಳಗೆ ಹುಳಿಖಾರದ ಪುಳಿಮುಂಚಿ ಸಾರು ಕುದಿದು, ಘಾಟು ಮನೆ ತುಂಬಿತು. ತಟ್ಟೆಗೆ ಅನ್ನ ಹಾಕಿ, ಮೇಲೆ ಸಾರು ಬಿಟ್ಟು, ಬಂಗುಡೆಯ ದೊಡ್ಡ ತುಂಡು ಇಟ್ಟು ಅವಳ ಮುಂದೆ ತಂದಿಟ್ಟು, ಪಕ್ಕದಲ್ಲಿ ನಿಂತುಕೊಂಡ.

ಉಮಾವತಿ ಒಂದು ತುತ್ತು ತಿಂದಳು. ಇನ್ನೊಂದು ತಿಂದಳು. ಮೂರನೆಯದನ್ನು ಕಲಸುತ್ತಿದ್ದ ಕೈ ನಿಂತಿತು. ಕೆಟ್ಟದಾಗಿದ್ದರೆ ಅವಳು ನಾಲ್ಕು ಬೈದು ಅಲ್ಲಿಗೇ ಬಿಟ್ಟುಬಿಡುತ್ತಿದ್ದಳೋ ಏನೋ.

“ಇಷ್ಟು ರುಚಿ ಮಾಡ್ಲಿಕ್ಕೆ ಬರ್ತಿತ್ತಾ ನಿಮಗೆ?” ಎಂದು ಕೇಳಿ, ತಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಅವಳು ಅಳತೊಡಗಿದಳು.