ಏಳರಿಂದ ಏಳೂ ಮುಕ್ಕಾಲು

ಗಿರಿಧರ್ ಕರ್ಪೂರದ ಪೊಟ್ಟಣವನ್ನು ಅರ್ಧ ಬಿಚ್ಚಿದ್ದ. ಶವಸಂಸ್ಕಾರದ ಕಂಪನಿಯವನು ಮೆತ್ತಗೆ ಹತ್ತಿರ ಬಂದು, ಛಾವಣಿಯಲ್ಲಿದ್ದ ಹೊಗೆಯ ಅಲಾರಂ ತೋರಿಸಿ, ತಪ್ಪು ತನ್ನದೇ ಎಂಬಂತೆ ತಲೆ ತಗ್ಗಿಸಿ ನಿಂತ.

"ಇಲ್ಲಿ ಹಚ್ಚಬಾರದಂತೆ," ಗಿರಿಧರ್ ತಂಗಿಗೆ ಹೇಳಿದ. "ಭಾವನ ಎದೆಯ ಮೇಲೆ ಹಾಗೇ ಇಟ್ಟುಬಿಡುವಾ. ಒಳಗೆ ಹೋದ ಮೇಲೆ ಹೇಗೂ ಹೊತ್ತಿಕೊಳ್ತದೆ."

ವಂದನಾ ಗಂಡನ ತುಟಿಗೆ ತುಳಸಿಯ ನೀರು ಬಿಟ್ಟಳು. ರಾಮದಾಸ್ ತೀರಿಕೊಂಡು ಒಂಬತ್ತು ದಿನವಾಗಿತ್ತು. ಕಾಗದಪತ್ರ ಎಲ್ಲ ಮುಗಿದು, ಜರ್ಮನಿಯ ಕಲೋನ್‌ನ ಈ ಚಿತಾಗಾರದಲ್ಲಿ ಶುಕ್ರವಾರ ಮಧ್ಯಾಹ್ನ ಎರಡು ಗಂಟೆ ಸಿಕ್ಕಿತ್ತು. ಉಡುಪಿಯ ಭಟ್ಟರು ಗಿರಿಧರನ ಫೋನಿನೊಳಗೆ ಕೂತು ಮಂತ್ರ ಹೇಳುತ್ತಿದ್ದರು. ನೆಟ್‌ವರ್ಕ್ ಹೋದಾಗಲೆಲ್ಲ ಬಾಯಿ ತೆರೆದುಕೊಂಡೇ ನಿಂತುಬಿಡುತ್ತಿದ್ದರು.

ಈ ಒಂಬತ್ತು ದಿನವೂ ವಂದನಾಳಿಗೆ ಒಂದೇ ಪ್ರಶ್ನೆ. ಆಫೀಸಿನ ಹೊತ್ತು ಏಳಕ್ಕೆ ಬದಲಾಗಿದೆ ಎಂದು ಏಳು ತಿಂಗಳಿಂದ ಆರೂವರೆಗೇ ಮನೆ ಬಿಡುತ್ತಿದ್ದ ಮನುಷ್ಯ, ಏಳು ಗಂಟೆ ಹತ್ತು ನಿಮಿಷಕ್ಕೆ ಮಗಳ ಶಾಲೆಯ ಮುಚ್ಚಿದ ಗೇಟಿನ ಮುಂದೆ ಯಾಕೆ ಬಿದ್ದ? ಆಂಬುಲೆನ್ಸಿನವರ ಕಾಗದದಲ್ಲಿ, ಜೊತೆಗಿದ್ದ ಮಹಿಳೆಯೊಬ್ಬರು ಫೋನ್ ಮಾಡಿದರು ಎಂದಿತ್ತು. ಹೆಸರು ಇರಲಿಲ್ಲ.

"ಮೆಲ್ವಿನ್," ಅವಳು ಗಂಡನ ಆಫೀಸಿನ ಗೆಳೆಯನನ್ನು ಕರೆದಳು. "ನಿಮ್ಮಲ್ಲಿ ಕೆಲಸ ಶುರುವಾಗುದು ಏಳಕ್ಕಾ?"

"ಏಳಕ್ಕೆ ನಮ್ಮಲ್ಲಿ ನೆಲ ಒರೆಸುವವರು ಮಾತ್ರ ವಂದನಕ್ಕ. ಅವ ಬರುದು ಎಂಟೂವರೆಗೆ, ಯಾವಾಗಲೂ..." ಎನ್ನುತ್ತಿದ್ದವನು ಅವಳ ಮುಖ ನೋಡಿ ನಿಲ್ಲಿಸಿದ.

"ಈಗ ಅದೆಲ್ಲ ಎಂತಕ್ಕೆ?" ಗಿರಿಧರ್ ತಗ್ಗಿದ ದನಿಯಲ್ಲಿ ಹೇಳಿದ. "ಹೋದವರನ್ನು ಕೇಳಿದ್ರೆ ಹೇಳ್ತಾರಾ?"

"ನಾನು ಕೇಳಿದ್ದು ಇರುವವರನ್ನು ಅಣ್ಣ."

*

ಹಿಂದಿನ ಏಪ್ರಿಲ್ ತಿಂಗಳ ಒಂದು ಸಂಜೆ ಮಗಳ ಶಾಲೆಯ ಆಡಳಿತ ಸಭೆ ಮಕ್ಕಳ ಪುಟ್ಟ ಕುರ್ಚಿಗಳ ಮೇಲೆ ನಡೆಯಿತು. ರಾಮದಾಸ್ ಪಾಲಕರ ಪರವಾಗಿ ಆರಿಸಿ ಬಂದವನು. ಬೇರೆ ಯಾರೂ ಆ ಜಾಗಕ್ಕೆ ನಿಂತಿರಲಿಲ್ಲ.

ರಾಜ್ಯ ಸರಕಾರ ಶಾಲೆಗಳ ಅನುದಾನ ಕಡಿತ ಮಾಡಿತ್ತು. ಬೆಳಿಗ್ಗೆ ಏಳಕ್ಕೇ ಗೇಟು ತೆರೆದು, ಬೇಗ ಕೆಲಸಕ್ಕೆ ಹೋಗುವವರ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಒಂದು. ಹೊಸದಾಗಿ ದೇಶಕ್ಕೆ ಬಂದ ಮಕ್ಕಳಿಗೆ ಜರ್ಮನ್ ಕಲಿಸುವ ತರಗತಿ ಇನ್ನೊಂದು. ಎರಡರಲ್ಲಿ ಒಂದನ್ನು ಸಭೆಯೇ ನಿಲ್ಲಿಸಬೇಕು. ಹಿಂದಿನ ದಿನ, ಅದೇ ಶಾಲೆಗೆ ಮಗಳನ್ನು ಕಳಿಸುವ ಮಂಗಳೂರಿನ ಮೋಲಿ ಎಂಬಾಕೆ ಅವನನ್ನು ದಾರಿಯಲ್ಲಿ ತಡೆದು, "ಬೆಳಗ್ಗಿನದನ್ನು ಬಿಟ್ಟುಕೊಡ್ಬೇಡಿ ರಾಮದಾಸಣ್ಣ," ಎಂದಿದ್ದಳು. ಅವನು, "ನಾನಿದ್ದೇನಲ್ಲ," ಎಂದಿದ್ದ.

ಮುಖ್ಯೋಪಾಧ್ಯಾಯಿನಿ ಫ್ರಾವ್ ಹೆಲ್ವಿಗ್, ಬೆಳಗಿನದನ್ನು ನಿಲ್ಲಿಸೋಣ ಎನ್ನುವವರು ಕೈ ಎತ್ತಲಿ ಎಂದರು. ಐದು ಕೈ ಎದ್ದವು. ಅವರು ಕನ್ನಡಕದ ಮೇಲಿಂದ ನೋಡುತ್ತ, "ಹೆರ್ ರಾಮದಾಸ್?" ಎಂದರು.

ಮಾಸ್ಟ್ರ ಸೈಕಲ್ಲು ದೂರದ ರಸ್ತೆಯಲ್ಲಿ ಹಾದರೂ ಗದ್ದೆಯ ಬದುವಿನ ಮೇಲೆ ಎದ್ದು ನಿಲ್ಲುತ್ತಿದ್ದ ಹುಡುಗ ಅವನು. ಪಾಠ ಹೇಳುವವರು ಹೆಸರು ಹಿಡಿದು ಕರೆದರೆ ಇಲ್ಲವೆನ್ನುವುದು ಅವನ ಮೈಗೆ ಗೊತ್ತಿರಲಿಲ್ಲ. ಭಗವಂತ ಮನುಷ್ಯನ ಮನಸ್ಸನ್ನು ಒಂದು ಕಡೆಗೂ ಕೈಯನ್ನು ಇನ್ನೊಂದು ಕಡೆಗೂ ಕಟ್ಟಿರುತ್ತಾನೋ ಏನೋ, ಕೈ ತಾನಾಗಿ ಮೇಲೆದ್ದಿತು. ಆರು, ಐದು. ಇಳಿಸಬೇಕೆಂದು ಅವನಿಗೆ ಹೊಳೆಯುವಷ್ಟರಲ್ಲಿ ಅವರು ಬರೆದುಕೊಂಡು, ಬೇಸಗೆಯ ಉತ್ಸವಕ್ಕೆ ಯಾರು ಕೇಕು ತರುತ್ತಾರೆ ಎಂದು ಕೇಳುತ್ತಿದ್ದರು.

"ಎಂತಾಯ್ತು?" ಮನೆಯಲ್ಲಿ ವಂದನಾ ಕೇಳಿದಳು.

"ಬೆಳಗ್ಗಿನದು ಹೋಯ್ತು."

"ನೀವು?"

"ನಾನು ಕೈ ಎತ್ತಲಿಲ್ಲ," ಎಂದ, ದೇವರ ದೀಪಕ್ಕೆ ಬೆನ್ನು ಮಾಡಿ.

*

ಫ್ರಾವ್ ಹೆಲ್ವಿಗ್ ಬಿಳಿ ಹೂ ತಂದಿದ್ದರು. ವಂದನಾಳ ಕೈ ಹಿಡಿದು, "ಕಷ್ಟದ ಹೊತ್ತಿನಲ್ಲಿ ಶಾಲೆಯ ಜೊತೆ ನಿಂತರು. ಭಾಷೆಯ ತರಗತಿ ಉಳಿದದ್ದು ಅವರ ಒಂದು ಮತದಿಂದ," ಎಂದು ಜರ್ಮನ್‌ನಲ್ಲಿ ಹೇಳಿದರು.

"ಅವರು ಕೈ ಎತ್ತಿರಲಿಲ್ಲ."

"ಎತ್ತಿದ್ದರು. ಬರೆದುಕೊಂಡವಳು ನಾನೇ."

ವಂದನಾ ಪೆಟ್ಟಿಗೆಯ ಕಡೆ ನೋಡಿದಳು. ಒಳಗಿದ್ದ ಮುಖ ಯಾವುದನ್ನೂ ಒಪ್ಪುವಂತಿರಲಿಲ್ಲ, ಅಲ್ಲಗಳೆಯುವಂತೆಯೂ ಇರಲಿಲ್ಲ.

"ಆ ಬೆಳಿಗ್ಗೆ ಅವರು ಗೇಟಿನ ಹತ್ತಿರ ಯಾಕಿದ್ದರು?"

ಫ್ರಾವ್ ಹೆಲ್ವಿಗ್ ತಮ್ಮ ಕೈಗವಸು ಸರಿಮಾಡಿಕೊಂಡರು. "ಗೇಟು ತೆರೆಯುವುದು ಏಳೂ ಮುಕ್ಕಾಲಿಗೆ. ಅದಕ್ಕೆ ಮುಂಚೆ ಅಲ್ಲಿ ಏನಾದರೂ ಶಾಲೆಯ ವಿಮೆಗೆ ಬರುವುದಿಲ್ಲ. ಹಾಗಾಗಿ ಶಾಲೆಗೆ ಏನೂ ಗೊತ್ತಿಲ್ಲ." ಎರಡು ಹೆಜ್ಜೆ ಹೋದವರು ನಿಂತು, "ನನ್ನ ಕೋಣೆಯ ಕಿಟಕಿ ಆ ಕಡೆಗೇ ಇದೆ," ಎಂದು ಮೆಲ್ಲಗೆ ಹೇಳಿ ಹಿಂದಿನ ಸಾಲಿಗೆ ಸರಿದರು.

ಆಗ ಬಾಗಿಲಲ್ಲಿ ಏಳು ಮಕ್ಕಳು ಕಾಣಿಸಿಕೊಂಡರು. ಗಿರಿಧರನ ಕೋಟಿನ ತುದಿ ಹಿಡಿದಿದ್ದ ವಂದನಾಳ ಮಗಳು ಅಮೂಲ್ಯಾ, ಅವರು ತನ್ನ ಶಾಲೆಯ ಚಿಕ್ಕ ಕ್ಲಾಸಿನವರು ಎಂದು ಜರ್ಮನ್‌ನಲ್ಲಿ ಪಿಸುಗುಟ್ಟಿದಳು. ಅವರ ಹಿಂದೆ ಕೆಲಸದ ಸಮವಸ್ತ್ರದ ಮೇಲೆ ಕಪ್ಪು ಕೋಟು ಹಾಕಿದ ಹೆಂಗಸೊಬ್ಬಳು ಬಂದಳು.

"ನಾನು ಮೋಲಿ. ಫೋನ್ ಮಾಡಿದ್ದು ನಾನೇ."

ವಂದನಾ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ನೀವು ಅವರಿಗೆ ಎಂತ ಆಗ್ಬೇಕು?"

"ಎಂತದೂ ಅಲ್ಲ. ನಂಗೆ ಏಳೂವರೆಗೆ ವೃದ್ಧಾಶ್ರಮದಲ್ಲಿ ಡ್ಯೂಟಿ. ಬೆಳಗ್ಗಿನದು ನಿಂತ ಮೇಲೆ ಇವಳನ್ನು, ನನ್ನ ಮಗಳು ಶ್ಯಾರನ್‌ಳನ್ನು, ಗೇಟಿನ ಹೊರಗೆ ಬಿಟ್ಟು ಓಡುದು. ಇವರೆಲ್ಲರದ್ದೂ ಅದೇ ಕತೆ. ಮೊದಲ ದಿನವೇ ರಾಮದಾಸಣ್ಣ ಬಂದು ನಿಂತ್ರು. ಗೇಟು ತೆಗೆಯುವವರೆಗೆ. ಮಳೆ ಬಂದ್ರೂ. ಹೊತ್ತೆಷ್ಟಾಯ್ತು ಅಂತ ಮಕ್ಕಳು ಅವರ ಕೈಯ ವಾಚೇ ನೋಡುದು."

"ನೀವು ಕೇಳಿಕೊಂಡದ್ದಾ?"

"ನಾನಾ? ನಾನು ಮಾತೇ ಬಿಟ್ಟಿದ್ದೆ. ನಾನಿದ್ದೇನಲ್ಲ ಅಂತ ಹೇಳಿ, ಅಲ್ಲಿ ಹೋಗಿ ಕೈ ಎತ್ತಿದ್ರಲ್ಲ. ಏಳು ತಿಂಗಳು, ಮಗುವನ್ನು ಅವರ ಹತ್ರ ಬಿಟ್ಟು ಮುಖ ತಿರುಗಿಸಿ ಹೋಗ್ತಿದ್ದೆ." ಮೋಲಿ ಕೋಟಿನ ಗುಂಡಿ ತಿರುಗಿಸಿದಳು. "ಆ ದಿನ ಎದೆ ಒತ್ತುವಾಗ ಮಾತಾಡಿದೆ. ರಾಮದಾಸಣ್ಣ, ರಾಮದಾಸಣ್ಣ ಅಂತ. ಅವರಿಗೆ ಕೇಳಿತೋ ಇಲ್ಲವೋ."

ವಂದನಾಳಿಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು. ಅದು ಯಾರ ಮೇಲೆಂದು ತಿಳಿಯಲಿಲ್ಲ.

"ನಂಗೆ ಒಂದು ಮಾತು ಹೇಳ್ಬಹುದಿತ್ತು," ಎಂದಳು.

"ನಿಮಗೆ ಗೊತ್ತುಂಟು ಅಂತಲೇ ಇದ್ದೆ ನಾನು."

ಪೆಟ್ಟಿಗೆಯ ಮುಚ್ಚಳ ಬಿತ್ತು. ನಾಲ್ವರು ಅದನ್ನು ತಳ್ಳಿಕೊಂಡು ಒಳಗೆ ಹೋದರು. ಉಕ್ಕಿನ ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು. "ಆಯ್ತಾ?" ಫೋನಿನೊಳಗಿಂದ ಭಟ್ಟರು ಕೇಳಿದರು. "ಆಯ್ತು," ಎಂದ ಗಿರಿಧರ್. ಜನ ಕೋಟು ಹುಡುಕತೊಡಗಿದರು.

ಮಕ್ಕಳು ಮಾತ್ರ ಹೊರಡಲಿಲ್ಲ. ಯಾರೂ ಹೇಳದೆ, ಆ ಮುಚ್ಚಿದ ಬಾಗಿಲ ಮುಂದೆ ಇಬ್ಬಿಬ್ಬರಾಗಿ ಕೈ ಹಿಡಿದು ಸಾಲು ನಿಂತರು.

"ಬಾ ಶ್ಯಾರನ್, ಮುಗೀತು," ಮೋಲಿ ಕರೆದಳು.

"ತೆರೆಯುವವರೆಗೆ ಸಾಲು ಬಿಡಬಾರದು," ಶ್ಯಾರನ್ ಜರ್ಮನ್‌ನಲ್ಲಿ ಉತ್ತರಿಸಿದಳು. ಅವಳು ಕೊನೆಯವಳು, ಜೋಡಿಯಿಲ್ಲದವಳು. ಪಕ್ಕದ ಖಾಲಿ ಜಾಗಕ್ಕೆ ಕೈಯನ್ನು ದೊಡ್ಡವರ ಕೈಯ ಎತ್ತರಕ್ಕೆ ಚಾಚಿ ಹಿಡಿದಿದ್ದಳು.

ವಂದನಾ ಹೋಗಿ ಅಲ್ಲಿ ನಿಂತಳು. ಮಗು ಅವಳ ಮುಖ ನೋಡಲಿಲ್ಲ. ಅವಳ ಮಣಿಕಟ್ಟನ್ನು ತನ್ನ ಕಡೆಗೆ ತಿರುಗಿಸಿಕೊಂಡು, ತುಟಿ ಅಲುಗಿಸುತ್ತ, ಗಡಿಯಾರದ ಮುಳ್ಳುಗಳನ್ನು ಓದತೊಡಗಿತು.