ದಿಬ್ಬದ ಹತ್ತಿರ ನಿಲ್ಲುವ ಟ್ರ್ಯಾಕ್ಟರು

ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಹುಲ್ಲು ಹೇರಿದ್ದ ಟ್ರ್ಯಾಕ್ಟರು ಇನ್ನೂ ಸ್ವಲ್ಪ ದೂರ ತಾನೇ ಉರುಳಿ, ಮುಚ್ಚಿಹೋದ ಚಿನ್ನದ ಗಣಿ ಮೈಸೂರು ಮೈನ್ಸಿನ ಬಿಳಿ ಮಣ್ಣುದಿಬ್ಬದ ನೆರಳಿಗೆ ಬಂದು, ಕೊಟ್ಟಿಗೆ ಸೇರಿದ ಎತ್ತಿನ ಹಾಗೆ ಸುಮ್ಮನಾಯಿತು.

"ಯೋಳಿದ್ನಲ್ಲಾ, ಇಲ್ಲೇ ನಿಲ್ಲೋದು," ಎಂದಳು ಸ್ಟೇರಿಂಗ್ ಹಿಡಿದಿದ್ದ ಮುನಿಲಕ್ಷ್ಮಿ.

ಮಡ್‌ಗಾರ್ಡಿನ ಮೇಲೆ ಕೂತಿದ್ದ ಮೆಕ್ಯಾನಿಕ್ ವಿಜಯಕುಮಾರ್ ಕೆಳಗೆ ಹಾರಿ ಎಂಜಿನ್ನಿನ ಕಡೆ ಬಗ್ಗಿದ. ಹಿಂದಿನ ವಾರವಷ್ಟೇ ಅವನು ಡೀಸೆಲ್ ಪಂಪನ್ನು ಬಿಚ್ಚಿ, ತೊಳೆದು, ವಾಷರು ಬದಲಿಸಿ ಬಿಗಿದಿದ್ದ. ಸರಿಯಾಗಿ ಬಿಗಿದೆನೋ ಇಲ್ಲವೋ ಎಂದು ಅಂದಿನಿಂದ ನಿದ್ದೆಯಲ್ಲೂ ಬೆರಳು ತಿರುಗಿಸುತ್ತಿದ್ದ. ಅಷ್ಟರಲ್ಲಿ ಫೋನು ಬಂತು. ಮುನಿಲಕ್ಷ್ಮಿಯ ಮಗ ಚಲಪತಿ.

"ಲೇ ವಿಜಿ, ಮತ್ತೆ ನಿಂತೋಯ್ತೇನ್ಲಾ? ನೀನು ಪಂಪ್ ರಿಪೇರಿ ಮಾಡಿದ್ಯೋ, ಅದ್ರ ತಿಥಿ ಮಾಡಿದ್ಯೋ? ಇವತ್ತು ಸರಿ ಓಗ್ಲಿಲ್ಲಾಂದ್ರೆ ಬಂಗಾರಪೇಟೆ ಗುಜರಿಯೋನ್ನ ಕರೀತೀನಿ ಅಷ್ಟೆ!"

"ನೋಡ್ತಾ ಇದೀನಿ ಅಣ್ಣಾ," ಎಂದು ವಿಜಯಕುಮಾರ್ ಫೋನು ಇಟ್ಟ.

ಮುನಿಲಕ್ಷ್ಮಿ ಆಗಲೇ ಇಳಿದು ರಸ್ತೆ ಬದಿಯ ಮೋರಿಕಟ್ಟೆಯ ಮೇಲೆ ಕೂತಿದ್ದಳು. "ಗಾಬ್ರಿ ಬೀಳ್ಬ್ಯಾಡಪ್ಪ. ಒಂದ್ ಗಳಿಗೆ ಬಿಟ್ರೆ ಅದೇ ಸ್ಟಾರ್ಟ್ ಆಯ್ತದೆ."

"ಅದೆಂಗಕ್ಕಾ?"

"ನಮ್ ಯಜಮಾನ್ರು ಬಿಟ್ ಮೇಲೆ."

ಅವಳ ಗಂಡ ಜಯರಾಮಪ್ಪ ಗಣಿ ಮುಚ್ಚುವವರೆಗೂ ಇದೇ ನೆಲದ ಕೆಳಗೆ ಕೆಲಸ ಮಾಡಿದವನು. ಆಮೇಲೆ ಈ ಟ್ರ್ಯಾಕ್ಟರು ಕೊಂಡ. ನಂದಿದುರ್ಗ ಮೈನ್ಸಿನ ಹಳೆಯ ಕಾರ್ಮಿಕರ ಲೈನುಮನೆಗಳಲ್ಲಿ ಹಸು ಸಾಕುವವರಿಗೆ ಹುಲ್ಲು ಒಯ್ಯುವಾಗೆಲ್ಲ ಇಲ್ಲಿ ನಿಲ್ಲಿಸಿ ಬೀಡಿ ಸೇದುತ್ತಿದ್ದ. ಅವನು ತೀರಿಕೊಂಡ ಮೇಲೆ ಮುನಿಲಕ್ಷ್ಮಿಯೇ ಓಡಿಸುತ್ತಿದ್ದಳು. ಈ ದಸರೆಯಿಂದೀಚೆಗೆ ಟ್ರ್ಯಾಕ್ಟರು ಇಲ್ಲಿಗೆ ಬಂದರೆ ಸಾಕು, ತಾನಾಗಿ ನಿಲ್ಲುತ್ತಿತ್ತು.

"ಇಲ್ಲಿ ಕುಂತ್ಕೊಂಡು ಮಾತಾಡ್ತೀನಿ. ಮೊಮ್ಮಗೂಗೆ ಅಲ್ಲು ಬಂದಿದ್ದು, ಸೊಸೆ ಸಾರಿಗೆ ಉಪ್ಪು ಮರ್ತಿದ್ದು, ಎಲ್ಲಾ. ಸಾಕನ್ಸಿದಾಗ ಬಿಡ್ತಾರೆ," ಎಂದು ನಕ್ಕಳು. "ಬದುಕಿದ್ದಾಗ ಇಷ್ಟೊತ್ತು ಯಾವತ್ತೂ ಕೇಳಿಸ್ಕೊಂಡೋರಲ್ಲ."

ಗಾಳಿಗೆ ದಿಬ್ಬದ ನುಣ್ಣನೆಯ ಮಣ್ಣು ಎದ್ದು ರಸ್ತೆಯ ಮೇಲೆ ಹೊಗೆಯಂತೆ ಹರಿಯುತ್ತಿತ್ತು. ಅದರಾಚೆ ಹಳೆಯ ಗಣಿಬಾಯಿಯ ಕಬ್ಬಿಣದ ಗೋಪುರ ಬುಡವಿಲ್ಲದೆ ತೇಲುತ್ತಿರುವಂತೆ ಕಂಡಿತು.

"ಗುಜರಿಗೆ ಓಗ್ದಂಗೆ ಮಾಡಪ್ಪ," ಎಂದಳು ಅವಳು, ಸ್ವರ ತಗ್ಗಿಸಿ. "ಆದ್ರೆ ಪೂರ್ತಿ ಸರಿ ಮಾಡ್ಬ್ಯಾಡ."

ವಿಜಯಕುಮಾರ್ ಎಂಜಿನ್ನಿನ ಪಕ್ಕ ಕುಕ್ಕರಗಾಲಲ್ಲಿ ಕೂತ. ಪಂಪಿನ ಸ್ಕ್ರೂ ಸಡಿಲಿಸಿ ಕೈಯಿಂದ ಒತ್ತಿದ. ಡೀಸೆಲ್ ಬರಲಿಲ್ಲ. ಮೀಟರಿನ ಮುಳ್ಳು ನೋಡಿದರೆ ಟ್ಯಾಂಕಿನಲ್ಲಿ ಅರ್ಧಕ್ಕಿಂತ ಹೆಚ್ಚೇ ಇತ್ತು. ಒಳಗೇ ನೋಡೋಣವೆಂದು ಟ್ಯಾಂಕಿನ ಮುಚ್ಚಳ ತಿರುವಿದ. ಬಹಳ ಹೊತ್ತು ಉಸಿರು ಕಟ್ಟಿದ್ದವರು ಉಸಿರೆಳೆದುಕೊಂಡ ಹಾಗೆ ಟ್ಯಾಂಕು ಸುಯ್ ಎಂದು ಗಾಳಿ ಎಳೆದುಕೊಂಡಿತು.

ಮುಚ್ಚಳವನ್ನು ಬೆಳಕಿಗೆ ಹಿಡಿದ. ನಡುವೆ ಇರಬೇಕಾದ ಸಣ್ಣ ಗಾಳಿತೂತು ಕಾಣಲಿಲ್ಲ. ಅದರ ಮೇಲೆ ಅರಿಶಿನ ಮೆತ್ತಿ, ಒಣಗಿ, ಕಲ್ಲಾಗಿತ್ತು. ಒಳಗೆ ಗಾಳಿ ಹೋಗದೆ ಡೀಸೆಲ್ ಕೆಳಗಿಳಿಯುತ್ತಿರಲಿಲ್ಲ. ನಿಂತ ಮೇಲೆ ಎಲ್ಲಿಂದಲೋ ಚೂರುಚೂರೇ ಗಾಳಿ ನುಸುಳಿ, ಮತ್ತೆ ಇಳಿಯುತ್ತಿತ್ತು. ಊರಿಂದ ಇಲ್ಲಿಯವರೆಗೆ ಬರುವಷ್ಟೇ ಅದರ ಉಸಿರು. ಪಂಪಿನ ತಪ್ಪೇನೂ ಇರಲಿಲ್ಲ. ತನ್ನ ತಪ್ಪೂ ಇರಲಿಲ್ಲ. ಆದರೂ ಅವನಿಗೆ ಹಗುರವೆನ್ನಿಸಲಿಲ್ಲ. ಅವಳಿಗೆ ಬೆನ್ನು ತಿರುಗಿಸಿ, ತಂತಿಯಿಂದ ತೂತನ್ನು ಚುಚ್ಚಿ, ಉದುರಿದ ಪುಡಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡ.

"ಏನು ಸಿಕ್ತು?"

"ಧೂಳಕ್ಕಾ. ದಿಬ್ಬದ್ದು."

"ತೋರ್ಸು."

ಅವನು ಮುಷ್ಟಿ ಬಿಚ್ಚಿದ. ಅಂಗೈಯೆಲ್ಲ ಹಳದಿಯಾಗಿತ್ತು.

"ಆಯುಧಪೂಜೆಗೆ ನಾನೇ ಅಚ್ಚಿದ್ದು. ಅವ್ರಾದ್ರೆ ಪಕ್ಕಕ್ಕೆ ಒಂದ್ ಬೊಟ್ಟಿಡೋರು. ನಾನು ಈ ಸಲ ಕೈತುಂಬಾ..." ಎಂದು ನಿಲ್ಲಿಸಿದಳು. "ಇದೇ ನಿಲ್ಲಿಸ್ತಿದ್ದಿದ್ದಾ?"

ಸುಳ್ಳು ಅವನ ನಾಲಿಗೆಯವರೆಗೆ ಬಂದು ಹಿಂದೆ ಹೋಯಿತು. "ಊಂ ಅಕ್ಕಾ." ಆಮೇಲೆ, ಕೆಲಸ ಕಲಿಸಿದವರು ಯಾರೂ ಒಪ್ಪದ ಮಾತೊಂದನ್ನು ಆಡಿದ. "ಬೇಕಾದ್ರೆ... ಮೊದ್ಲಿದ್ದಂಗೇ ಮೆತ್ತಿ ಬಿಡ್ಲಾ?"

ಮುನಿಲಕ್ಷ್ಮಿ ಎದ್ದು ಬಂದು ಮುಚ್ಚಳವನ್ನು ಅವನ ಕೈಯಿಂದ ತೆಗೆದುಕೊಂಡಳು. ಸೆರಗಿನಿಂದ ಒರೆಸಿದಳು. ತುಟಿಗೆ ಹಿಡಿದು ಆ ತೂತಿನೊಳಗೆ ಒಮ್ಮೆ ಉಫ್ ಎಂದು ಊದಿ, ತಾನೇ ತಿರುವಿ ಹಾಕಿದಳು.

ನಂದಿದುರ್ಗದಲ್ಲಿ ಹುಲ್ಲು ಇಳಿಸಿ ಹಿಂದಿರುಗುವಾಗ ಬಿಸಿಲು ಹಳದಿಯಾಗಿತ್ತು. ಖಾಲಿ ಟ್ರೇಲರು ಗಲಗಲ ಎನ್ನುತ್ತಿತ್ತು. ದಿಬ್ಬದ ನೆರಳು ಬಂತು. ಎಂಜಿನ್ ಕೆಮ್ಮಲಿಲ್ಲ. ವಿಜಯಕುಮಾರ್ ಕಣ್ಣು ಮುಚ್ಚಿ ಅದರ ಬಡಿತವನ್ನೇ ಕೇಳುತ್ತಿದ್ದ. ಒಂದೇ ಸಮನೆ, ಎಲ್ಲೂ ತಪ್ಪದೆ.

ನೆರಳು ಮುಗಿಯುವ ಹೊತ್ತಿಗೆ ಎಲ್ಲ ನಿಶ್ಶಬ್ದವಾಯಿತು.

"ಅಯ್ಯೋ, ಏನಾಯ್ತಕ್ಕಾ?"

ಎಂಜಿನ್ ಆರಿಸುವ ಗುಂಡಿಯನ್ನು ಅವಳು ಇನ್ನೂ ಎಳೆದೇ ಹಿಡಿದಿದ್ದಳು.

"ಏನಿಲ್ಲ. ನೀನು ಅಲ್ಲೇ ಇರು."

ಅವಳು ಇಳಿದು ಮೋರಿಕಟ್ಟೆಯ ಬಳಿಗೆ ಹೋದಳು. ಇಬ್ಬರು ಕೂರುವಷ್ಟು ಉದ್ದಕ್ಕೆ ಸೆರಗಿನಿಂದ ಧೂಳು ಜಾಡಿಸಿ, ಒಂದು ತುದಿಯಲ್ಲಿ ಕೂತಳು.